ಟ್ರ್ಯಾಕಣ್ಣ

ಪ್ರತಿ ತಾಲ್ಲೂಕು ಕೇಂದ್ರಕ್ಕೂ ಒಬ್ಬ ಟ್ರ್ಯಾಕಣ್ಣ ಇದ್ದೇ ಇರುತ್ತಾನೆ. ಗುರುತು ಹಿಡಿಯುವುದು ಕಷ್ಟವಲ್ಲ. ವಯಸ್ಸು ನಲವತ್ತರ ಆಚೀಚೆ. ತಲೆ ಮೇಲೆ ಕೂದಲು ಕಡಿಮೆ, ಕಾರಿನ ಮೇಲೆ ಸಾಲ ಜಾಸ್ತಿ. ಕಾರು ಬಿಳಿ ಸ್ವಿಫ್ಟ್. ಕಂಪನಿ ಲೆಕ್ಕದಲ್ಲಿ ಅದರ ಎಂಜಿನ್ನಿಗೆ ಎಂಬತ್ತು ಚಿಲ್ಲರೆ ಕುದುರೆಗಳ ಶಕ್ತಿ; ಕಾಫಿ ಹೋಟೆಲಿನ ಮುಂದೆ ನಿಂತು ಮಾತಾಡುವಾಗ ಇನ್ನೂ ಇಪ್ಪತ್ತು ಕುದುರೆ ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತವೆ. ಹಿಂದಿನ ಗಾಜಿನ ಒಂದು ಮೂಲೆಯಲ್ಲಿ ‘ನಾಗದೇವತೆ ಪ್ರಸನ್ನ’, ಇನ್ನೊಂದು ಮೂಲೆಯಲ್ಲಿ ಸೊಟ್ಟಸೊಟ್ಟಗಿನ ಒಂದು ಗೆರೆಯ ಸ್ಟಿಕ್ಕರ್. ಅದು ರೇಸ್ ಟ್ರ್ಯಾಕಿನ ನಕ್ಷೆ. ಊರಿನವರು ಮಾತ್ರ ಇವತ್ತಿಗೂ ಅದನ್ನು ಅವನ ಪಿತ್ರಾರ್ಜಿತ ಜಮೀನಿನ ಸರ್ವೆ ನಕ್ಷೆ ಅಂತಲೇ ತಿಳಿದಿದ್ದಾರೆ.

ನಮ್ಮ ಗೌರಿಬಿದನೂರಿನ ಟ್ರ್ಯಾಕಣ್ಣ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾನೆ. ಕಾಲೇಜಿನಲ್ಲಿ ನ್ಯೂಟನ್ನು, ರಸ್ತೆಯಲ್ಲಿ ಶೂಮಾಕರ್. ಭಾನುವಾರ ತಾಯಿಯನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗುವುದು ಅವನ ಪಾಲಿಗೆ ಟೆಸ್ಟ್ ಡ್ರೈವ್. ಹಿಂದೂಪುರದ ರಸ್ತೆಯ ತಿರುವು ಬಂದಾಗಲೆಲ್ಲ ‘ಹೊರಗಿಂದ ಒಳಕ್ಕೆ ಬರಬೇಕು, ಒಳಗಿಂದ ಹೊರಕ್ಕೆ ಬಿಡಬೇಕು’ ಎಂದು ಪಾಠ ಶುರುವಾಗುತ್ತದೆ. ಹಿಂದಿನ ಸೀಟಿನಲ್ಲಿ ನಾಗರಕಲ್ಲಿಗೆ ಎರೆಯಲು ಹಾಲಿನ ತಂಬಿಗೆ ಹಿಡಿದು ಕೂತ ತಾಯಿಯ ಉತ್ತರವೂ ಪ್ರತಿ ಸಲ ಒಂದೇ: ‘ಒಳಗೆ ಹೊರಗೆ ಎಲ್ಲಾ ಆಮೇಲೆ ನೋಡ್ಕೊಳಪ್ಪಾ. ಮೊದಲು ಹಾಲು ಚೆಲ್ಲದಂಗೆ ಓಡಿಸು.’ ಅಲ್ಲಿ ಸಾವಿರಾರು ನಾಗರಕಲ್ಲುಗಳಿವೆ. ತಂಬಿಗೆಯಲ್ಲಿ ಉಳಿದು ಬಂದ ಹಾಲು ಒಂದು ಕಲ್ಲಿಗೂ ಸಾಲುತ್ತಿರಲಿಲ್ಲ; ಮಿಕ್ಕದ್ದೆಲ್ಲ ಸೀಟ್ ಕವರಿಗೆ ಅಭಿಷೇಕ.

ಸಂಸಾರಸ್ಥನ ಕಾರಿಗೆ ರೇಸ್ ಟ್ರ್ಯಾಕಿನಲ್ಲಿ ಏನು ಕೆಲಸ ಎಂದು ಕೇಳಿ ನೋಡಿ, ಟ್ರ್ಯಾಕಣ್ಣ ದಾಖಲೆ ಸಮೇತ ಎದ್ದು ನಿಲ್ಲುತ್ತಾನೆ. ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ರೇಸಿಗೆ ಇಳಿದದ್ದು ಫಾರ್ಮುಲಾ ಮಾರುತಿಯಲ್ಲಿ. ಅದರೊಳಗೆ ಇದ್ದದ್ದು ನಮ್ಮ ಮಾರುತಿ 800ರ ಎಂಜಿನ್. ‘ಅಲ್ಲಿಗೆ ನನ್ನ ಸ್ವಿಫ್ಟ್ ಒಂದು ಕ್ಲಾಸು ಮುಂದೆ ಇದೆ ತಾನೆ?’ ಬಿಡದಿಯಲ್ಲಿ ತಯಾರಾಗಿ ಊರೆಲ್ಲ ಟ್ಯಾಕ್ಸಿಯಾಗಿ ಓಡಿದ ಎಟಿಯೋಸ್ ಕಾರಿಗೂ ಒಂದು ಕಾಲದಲ್ಲಿ ರೇಸ್ ಸರಣಿ ಇತ್ತು. ಮದ್ರಾಸಿನ ಹತ್ತಿರ ಶೋಳಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ, ಫಿಯೆಟ್ಟು ಹೆರಾಲ್ಡುಗಳೇ ಓಡುತ್ತಿದ್ದವು. ಇಷ್ಟಕ್ಕೂ ಬಗ್ಗದಿದ್ದರೆ ಜರ್ಮನಿ ಹೊರಬರುತ್ತದೆ. ಅಲ್ಲಿನ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕು 1927ರಿಂದ ಇದೆ, ಒಂದು ಸುತ್ತು ಸುಮಾರು 21 ಕಿಲೋಮೀಟರ್. ನಿಗದಿತ ದಿನಗಳಲ್ಲಿ ಯಾರು ಬೇಕಾದರೂ ದುಡ್ಡು ಕಟ್ಟಿ ತಮ್ಮ ಮನೆಯ ಕಾರನ್ನೇ ಓಡಿಸಬಹುದು. ಝಬೀನೆ ಷ್ಮಿಟ್ಸ್ ಎಂಬ ಹೆಣ್ಣುಮಗಳು ಸರಕು ಸಾಗಿಸುವ ವ್ಯಾನಿನಲ್ಲಿ ಅದನ್ನು ಹತ್ತು ನಿಮಿಷದೊಳಗೆ ಸುತ್ತಲು ಹೋಗಿ ಕೆಲವೇ ಸೆಕೆಂಡಿನಲ್ಲಿ ಗುರಿ ತಪ್ಪಿದಳು. ‘ವ್ಯಾನು ಕಣಯ್ಯಾ, ವ್ಯಾನು!’ ಎನ್ನುವಾಗ ಟ್ರ್ಯಾಕಣ್ಣನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆದರೆ ಟ್ರ್ಯಾಕು ಎಲ್ಲಿ? ಕರ್ನಾಟಕದಲ್ಲಿ ಮಣ್ಣು ಕಲ್ಲಿನ ದಾರಿಯಲ್ಲಿ ಓಡುವ ರ‍್ಯಾಲಿಗೆ ಹೆಸರಿದೆ, ಕೆ-1000 ಅಂದರೆ ಹಳಬರೆಲ್ಲ ತಲೆದೂಗುತ್ತಾರೆ. ಕಾರು ಬಿಟ್ಟುಕೊಂಡು ಸುತ್ತುವಂಥ ದೊಡ್ಡ ಟಾರು ಸರ್ಕ್ಯೂಟ್ ಮಾತ್ರ ನಮ್ಮಲ್ಲಿಲ್ಲ. ಒಂದೋ ಕೊಯಮತ್ತೂರಿಗೆ ಹೋಗಬೇಕು, ಇಲ್ಲವೇ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಗೆ. ಅಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕು 1990ರಿಂದ ಇದೆ: 3.7 ಕಿಲೋಮೀಟರ್, ಹನ್ನೆರಡು ತಿರುವು. ರೇಸಿಲ್ಲದ ದಿನ ಅದನ್ನು ಬಾಡಿಗೆಗೆ ಹಿಡಿದು, ಫೀಸು ಕಟ್ಟಿದವರಿಗೆಲ್ಲ ಸರದಿ ಮೇಲೆ ಓಡಿಸಲು ಬಿಡುವುದೇ ಟ್ರ್ಯಾಕ್ ಡೇ. ಗೆಲ್ಲುವುದಿಲ್ಲ, ಸೋಲುವುದಿಲ್ಲ, ಕಪ್ಪಿಲ್ಲ. ದುಡ್ಡು ಮಾತ್ರ ಹೋಗುತ್ತದೆ.

ಮನೆಯಲ್ಲಿ ಒಪ್ಪಿಗೆ ಸಿಕ್ಕಿದ ಬಗೆ ಮಾತ್ರ ದೈವಲೀಲೆ. ಹೆಂಡತಿ ಮೊದಲೇ ಕೈಮುಗಿದಿದ್ದರು: ‘ರೀ, ಇನ್ನೂ ಮೂರು ವರ್ಷ ಕಂತು ಕಟ್ಟೋದಿದೆ. ಏನ್ ಮಾಡ್ಕೊಂಡ್ರೂ ಆಮೇಲೆ ಮಾಡ್ಕೊಳ್ಳಿ.’ ತಾಯಿ ಕೇಳಿದ್ದು ಒಂದೇ ಪ್ರಶ್ನೆ, ಎಲ್ಲಿಗೆ ಅಂತ. ಇರುಂಗಾಟ್ಟುಕೋಟೈ ಎಂದರೆ ಬಾಯಿ ತಿರುಗುವುದಿಲ್ಲವಲ್ಲ ಎಂದು ಟ್ರ್ಯಾಕಣ್ಣ ಪಕ್ಕದ ಊರಿನ ಹೆಸರು ಹೇಳಿದ: ‘ಶ್ರೀಪೆರುಂಬುದೂರಿಗಮ್ಮಾ.’ ತಾಯಿಯ ಮುಖ ಅರಳಿತು. ರಾಮಾನುಜಾಚಾರ್ಯರು ಹುಟ್ಟಿದ ಊರು! ‘ಅಲ್ಲಿ ಏನ್ ಮಾಡ್ತೀಯಪ್ಪಾ?’ ‘ಸುತ್ತು ಹಾಕೋದಮ್ಮಾ.’ ‘ಎಡಕ್ಕೋ ಬಲಕ್ಕೋ?’ ‘ಪ್ರದಕ್ಷಿಣೆ ದಿಕ್ಕೇ.’ ಇಷ್ಟರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ತಾಯಿ ಸೊಸೆಯ ಕಡೆ ತಿರುಗಿ, ‘ಈ ವಯಸ್ಸಿಗೆ ಬುದ್ಧಿ ಬಂತಲ್ಲ, ಅಡ್ಡ ಬರಬೇಡ’ ಎಂದು ತೀರ್ಪು ಕೊಟ್ಟರು.

ಆಮೇಲೆ ತಯಾರಿ. ಟ್ರ್ಯಾಕಿಗೆ ಹೋಗುವ ಕಾರಿನಲ್ಲಿ ಸಡಿಲ ವಸ್ತು ಒಂದೂ ಇರಬಾರದು ಎಂಬುದು ನಿಯಮ. ಹಾಗಾಗಿ ಹಿಂದಿನ ದಿನ ಸಂಜೆ ಡಿಕ್ಕಿ ಬಾಗಿಲು ತೆಗೆದರು. ಬೀದಿಯವರೆಲ್ಲ ನಿಂತು ನೋಡಿದರು. ಎರಡು ಕೊಡೆ, ರಾಗಿ ಹಿಟ್ಟಿನ ಧೂಳು ಹತ್ತಿದ ಒಂದು ಗೋಣಿಚೀಲ, ಶಿಡ್ಲಘಟ್ಟದ ಮಾವನ ಮನೆಯಿಂದ ರೇಷ್ಮೆಗೂಡು ತಂದಿದ್ದ ಪ್ಲಾಸ್ಟಿಕ್ ಬುಟ್ಟಿ, ಮಗಳ ಕಳೆದುಹೋಗಿದ್ದ ಕಾಂಪಾಸ್ ಬಾಕ್ಸು, ಒಂದೇ ಕಾಲಿನ ಚಪ್ಪಲಿ, ಕೊಬ್ಬರಿಯಾಗಿ ಒಣಗಿದ್ದ ಪ್ರಸಾದದ ತೆಂಗಿನಕಾಯಿ ಹೋಳು. ‘ಎಂಟು ಕೆಜಿ ಇಳೀತು’ ಎಂದು ಟ್ರ್ಯಾಕಣ್ಣ ಬೀಗಿದ. ಅವನು ಕಳೆದ ಯುಗಾದಿಯಿಂದೀಚೆಗೆ ಏರಿಸಿಕೊಂಡದ್ದೂ ಸರಿಸುಮಾರು ಅಷ್ಟೇ, ಹಾಗಾಗಿ ಲೆಕ್ಕ ಸಮವಾಯಿತು.

ಮೆಕ್ಯಾನಿಕ್ ಹತ್ತಿರ ಬ್ರೇಕ್ ಆಯಿಲ್ ಬದಲಾಯಿಸಲು ಹೇಳಿದ. ‘ಇನ್ನೂ ಚೆನ್ನಾಗೈತಲ್ಲಣ್ಣಾ’ ಎಂದ ಅವನು. ಆಗ ನಡುಬೀದಿಯಲ್ಲಿ ಪಾಠ ನಡೆಯಿತು: ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ, ಹೊಸ ಡಾಟ್ 4 ಆಯಿಲ್ 230 ಡಿಗ್ರಿವರೆಗೂ ಕುದಿಯದೆ ತಡೆದುಕೊಂಡರೆ, ನೀರು ಸೇರಿದ್ದು 155ಕ್ಕೇ ಕುದಿಯಬಹುದು, ಕುದ್ದರೆ ಪೈಪಿನಲ್ಲಿ ಗುಳ್ಳೆ, ಕಾಲಡಿ ಪೆಡಲ್ ಖಾಲಿ. ಮೆಕ್ಯಾನಿಕ್ ಪೂರ್ತಿ ಕೇಳಿಸಿಕೊಂಡು, ‘ಅಷ್ಟು ಕಾಯೋವರೆಗೂ ಯಾಕಣ್ಣಾ ಓಡಿಸ್ತೀಯ?’ ಎಂದ. ಈ ಪ್ರಶ್ನೆಗೆ ಫಿಸಿಕ್ಸಿನಲ್ಲಿ ಉತ್ತರವಿಲ್ಲ. ಆಯಿಲ್ ಬದಲಾಯಿತು. ಪ್ಯಾಡು? ‘ಅರ್ಧ ಐತೆ, ಸಾಕು.’ ಸಾಕು ಎಂದು ಟ್ರ್ಯಾಕಣ್ಣನೂ ಒಪ್ಪಿದ. ದುಡ್ಡಿನ ವಿಷಯ ಬಂದಾಗ ಅವನು ಮೊದಲು ಮೇಷ್ಟ್ರು, ಆಮೇಲೆ ರೇಸುಗಾರ.

ಸಾಕ್ಷಿಗೊಬ್ಬ ಬೇಕಲ್ಲ, ನನ್ನನ್ನೂ ಹತ್ತಿಸಿಕೊಂಡ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ದಾಟಿ ಮುಳಬಾಗಿಲಲ್ಲಿ ದೋಸೆ. ನಂಗಲಿ ಕಳೆದರೆ ಆಂಧ್ರ, ಚಿತ್ತೂರು ಕಳೆದರೆ ತಮಿಳುನಾಡು. ದಾರಿಯುದ್ದಕ್ಕೂ ಟೊಮೇಟೊ ಲಾರಿಗಳು ನಮ್ಮನ್ನು ಹಿಂದೆ ಹಾಕಿದವು. ಟ್ರ್ಯಾಕಣ್ಣ ಟೈರು ಉಳಿಸುತ್ತಿದ್ದ.

ಬೆಳಿಗ್ಗೆ ಟ್ರ್ಯಾಕಿನ ಬಾಗಿಲಲ್ಲಿ ತಪಾಸಣೆ. ಸುತ್ತ ನಿಂತಿದ್ದ ಕಾರುಗಳಲ್ಲಿ ಅರ್ಧಕ್ಕರ್ಧ ಜರ್ಮನಿಯವು. ಅವುಗಳ ಒಂದು ಚಕ್ರದ ಬೆಲೆಗೆ ನಮ್ಮಲ್ಲಿ ಒಂದು ಮದುವೆ ಮಾಡಬಹುದು. ತಪಾಸಣೆಯ ಹುಡುಗ ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ಬಿಚ್ಚಿಸಿದ. ಮ್ಯಾಟು ತೆಗೆಸಿದ. ಸ್ಟೆಪ್ನಿ, ಜಾಕು ಇಳಿಸಿದ. ಕೊನೆಗೆ ಡ್ಯಾಶ್‌ಬೋರ್ಡಿನ ಮೇಲಿದ್ದ ಬೆರಳುದ್ದದ ಗಣಪತಿಯ ಕಡೆ ಕೈ ತೋರಿಸಿದ. ‘ಸಡಿಲ ವಸ್ತು.’ ‘ಸಡಿಲ ಅಲ್ಲ, ಎಳೆದು ನೋಡಿ’ ಎಂದ ಟ್ರ್ಯಾಕಣ್ಣ. ಹುಡುಗ ಎರಡು ಬೆರಳಲ್ಲಿ ಎಳೆದ, ಆಮೇಲೆ ಇಡೀ ಕೈ ಹಾಕಿ ಎಳೆದ. ಸೀಟಿನ ಮೇಲೆ ಒಂದು ಮಂಡಿ ಊರಿ ಮತ್ತೆ ಎಳೆದ. ಡ್ಯಾಶ್‌ಬೋರ್ಡು ಕಿರ್ರೆಂದಿತು, ಗಣಪತಿ ಅಲ್ಲಾಡಲಿಲ್ಲ. ಕಾರು ತಂದ ದಿನ ತಾಯಿ ಸ್ವಂತ ಕೈಯಿಂದ ಅರಲ್ಡೈಟ್ ಹಚ್ಚಿ ಪ್ರತಿಷ್ಠಾಪಿಸಿದ ಮೂರ್ತಿ ಅದು. ಹುಡುಗ ಬೆವರು ಒರೆಸಿಕೊಂಡು ‘ಪಾಸ್’ ಎಂದು ಬರೆದುಕೊಂಡ. ಆ ಕಾರಿನಲ್ಲಿ ಅತ್ಯಂತ ಭದ್ರವಾಗಿದ್ದ ಭಾಗ ಅದೊಂದೇ ಎಂಬುದು ಮಧ್ಯಾಹ್ನದ ಹೊತ್ತಿಗೆ ರುಜುವಾತಾಯಿತು.

ನಾನು ಪಿಟ್ ಗೋಡೆಯ ಪಕ್ಕ ಸ್ಟೆಪ್ನಿ ಕಾಯುತ್ತಾ ಕೂತೆ. ಮೊದಲ ಸುತ್ತು ದಾರಿ ನೋಡಲು, ಎರಡನೆಯದು ಸ್ವಲ್ಪ ಜೋರು. ಮೂರನೆಯದರಲ್ಲಿ ಸ್ವಿಫ್ಟು ನೇರ ದಾರಿಯಲ್ಲಿ 130 ದಾಟಿತಂತೆ. ದೂರದ ತಿರುವಿನಲ್ಲಿ ನನಗೆ ಕಂಡದ್ದು ಇಷ್ಟು: ಒಂದು ಪಕ್ಕಕ್ಕೆ ವಾಲಿದ ಬಿಳಿ ಕಾರು, ಚೀರಾಡುವ ಟೈರು, ಎಡಕ್ಕೆ ತಿರುಗಿದ ಮುಂಚಕ್ರಗಳು, ನೇರವಾಗಿಯೇ ಹೋಗುತ್ತಿರುವ ಟ್ರ್ಯಾಕಣ್ಣ. ಹುಲ್ಲಿನ ಮೇಲೆ ಒಂದಿಷ್ಟು ದೂರ ಹೋಗಿ ಧೂಳೆಬ್ಬಿಸಿ ವಾಪಸು ಬಂದ. ಇನ್ನೆರಡು ಸುತ್ತಿಗೆ ಬ್ರೇಕು ಕೈಕೊಟ್ಟಿತು. ಆಯಿಲ್ ಹೊಸದು, ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ತುಳಿದರೂ ಕಾರು ಮಾತ್ರ ನಿಲ್ಲಲೊಲ್ಲದು. ಮೆಕ್ಯಾನಿಕ್ ‘ಸಾಕು’ ಎಂದಿದ್ದ ಪ್ಯಾಡುಗಳು ಕಾದು ಹಿಡಿತ ಬಿಟ್ಟಿದ್ದವು. ಮನೆ ಕಾರಿನ ಬ್ರೇಕು ಸಿಗ್ನಲ್ಲಿನಲ್ಲಿ ನಿಲ್ಲಲು, ಎಮ್ಮೆ ಅಡ್ಡ ಬಂದಾಗ ತಡೆಯಲು ಮಾಡಿದ್ದು. ನಿಮಿಷಕ್ಕೆ ನಾಲ್ಕು ಸಲ ಎಮ್ಮೆ ಅಡ್ಡ ಬಂದರೆ ಅದಾದರೂ ಏನು ಮಾಡೀತು?

ನಿಧಾನಕ್ಕೆ ಪಿಟ್ಟಿಗೆ ಬಂದು ನಿಂತವನು ಹ್ಯಾಂಡ್‌ಬ್ರೇಕಿಗೆ ಕೈ ಹಾಕಲು ಹೋದ. ‘ಎಳೀಬೇಡಿ ಸಾರ್, ಬಿಸಿಗೆ ಹಿಡ್ಕೊಳ್ಳುತ್ತೆ, ಗೇರಲ್ಲಿ ನಿಲ್ಸಿ’ ಎಂದು ಪಕ್ಕದವರು ಕೂಗಿದರು. ಚಕ್ರಗಳಿಂದ ಹೊಗೆ. ಟ್ರ್ಯಾಕಣ್ಣ ಹೆಲ್ಮೆಟ್ಟು ತೆಗೆದು, ಸ್ಟೆಪ್ನಿಯ ಮೇಲೆ ನನ್ನ ಪಕ್ಕ ಕೂತು, ಒಂದು ಬಾಟಲಿ ನೀರು ಕುಡಿದು ಹೇಳಿದ: ‘ವೇಗ ಎರಡರಷ್ಟಾದರೆ ನಿಲ್ಲೋಕೆ ನಾಲ್ಕರಷ್ಟು ಜಾಗ ಬೇಕು ಅಂತ ವರ್ಷಾ ವರ್ಷ ಬೋರ್ಡ್ ಮೇಲೆ ಬರೀತೀನಿ ಕಣೋ. ಅದು ನಿಜ ಅಂತ ನಂಗೆ ಗೊತ್ತೇ ಇರಲಿಲ್ಲ.’

ಊರಿಗೆ ಬಂದ ಮೇಲೆ ಕಥೆ ಬೇರೆಯಾಯಿತು. ವಿದುರಾಶ್ವತ್ಥದ ಕಡೆಯವರಿಗೆ ಬಾವುಟದ ಬೆಲೆ ಗೊತ್ತು. 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಊರು ಅದು. ಬಾವುಟ ಎಂದರೆ ಅಲ್ಲಿ ಮಾತಾಡುವವರೂ ಸುಮ್ಮನಾಗಿ ಕೇಳುತ್ತಾರೆ. ಆ ಮರ್ಯಾದೆಯನ್ನು ಟ್ರ್ಯಾಕಣ್ಣ ಪುಕ್ಕಟೆ ಉಪಯೋಗಿಸಿಕೊಂಡ. ‘ಬೇರೆಯವರಿಗೆಲ್ಲ ಯಾವಾಗಲೋ ಒಂದು ಸಲ. ನೀಲಿ ಬಾವುಟ ಮಾತ್ರ ನಾನು ಹೋದ ಕಡೆಯೆಲ್ಲ ನನಗೇ ಬೀಸಿದರು.’ ಕೇಳಿದವರು ಹೆಮ್ಮೆಪಟ್ಟರು. ನೀಲಿ ಬಾವುಟ ಎಂದರೆ ‘ಹಿಂದೆ ಜೋರಾಗಿ ಓಡಿಸುವವರು ಬರುತ್ತಿದ್ದಾರೆ, ದಾರಿ ಬಿಡು’ ಎಂದು ಅರ್ಥ. ಸಾಕ್ಷಿಯಾಗಿ ಹೋಗಿದ್ದ ನಾನು ಕಾಫಿಯ ಋಣಕ್ಕೆ ಬಾಯಿ ಬಿಡಲಿಲ್ಲ.

ಬಾಯಿ ದೊಡ್ಡದಾದರೂ ಕಾಲು ಬದಲಾಗಿತ್ತು. ಇವತ್ತು ಗೌರಿಬಿದನೂರು ರಸ್ತೆಯಲ್ಲಿ ಟ್ರ್ಯಾಕಣ್ಣನಷ್ಟು ನಿಧಾನಸ್ಥ ಇನ್ನೊಬ್ಬನಿಲ್ಲ. ತಿರುವು ಕಾಣುವ ಮುಂಚೆಯೇ ವೇಗ ಇಳಿಸುತ್ತಾನೆ. ಮುಂದಿನ ಬಸ್ಸಿಗೂ ತನಗೂ ನಡುವೆ ಒಂದು ಎತ್ತಿನ ಗಾಡಿ ತೂರುವಷ್ಟು ಜಾಗ ಬಿಡುತ್ತಾನೆ. ಆ ಜಾಗಕ್ಕೆ ಮೂರು ಆಟೋ ನುಗ್ಗಿದರೂ ಇನ್ನಷ್ಟು ಹಿಂದೆ ಸರಿಯುತ್ತಾನೆ. ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ತಿರುವುಗಳಲ್ಲಿ ಕಾರು ಬೈಕು ಹಾರಿಸುವ ಬೆಂಗಳೂರಿನ ಹುಡುಗರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ನಿಲ್ಲಿಸಿ ಪಾಠ ಹೇಳುತ್ತಾನೆ: ರಸ್ತೆಯಲ್ಲಿ ರೇಸು ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಲ್ಲಿ ಮೊದಲ ಸಲಕ್ಕೇ ಐದು ಸಾವಿರದವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಕೆಲವೊಮ್ಮೆ ಎರಡೂ. ‘ಪಾಲಿಸಿ ಹಿಂದುಗಡೆ ಓದಿದೀರೇನ್ರೋ? ರೇಸು, ವೇಗದ ಪರೀಕ್ಷೆ ಅಂದ್ರೆ ಇನ್ಶೂರೆನ್ಸ್ ಒಂದು ಪೈಸೆ ಕೊಡಲ್ಲ.’ ಅದನ್ನು ಅವನು ಓದಿದ್ದು ಶ್ರೀಪೆರುಂಬುದೂರಿನಿಂದ ಬಂದ ರಾತ್ರಿ, ಬಾಗಿಲು ಹಾಕಿಕೊಂಡು.

ಊರಿಗೆ ಇದರಿಂದ ಆದ ನಿರಾಶೆ ಅಷ್ಟಿಷ್ಟಲ್ಲ. ‘ರೇಸಿಗೆ ಹೋಗಿ ಬಂದೋನಂತೆ! ಹುಲ್ಲು ತುಂಬಿದ ಟ್ರ್ಯಾಕ್ಟರ್ ಹಿಂದೆ ಮಂಚೇನಹಳ್ಳಿವರೆಗೂ ಹೋದ’ ಎಂದು ಕಾಫಿ ಹೋಟೆಲಿನಲ್ಲಿ ಆಡಿಕೊಳ್ಳುತ್ತಾರೆ. ‘ಏಮಪ್ಪಾ, ಆ ಕುದುರೆಗಳಿಗೆಲ್ಲ ಮೇವು ಹಾಕಲ್ವಾ?’ ಎಂದು ಟೆಂಪೋದವರು ಕಿಟಕಿಯಿಂದಲೇ ಕೇಳಿಕೊಂಡು ಮುಂದೆ ಹೋಗುತ್ತಾರೆ.

ಸಂತೋಷಪಟ್ಟವರು ಒಬ್ಬರೇ, ತಾಯಿ. ತಂಬಿಗೆಯ ಹಾಲು ಈಗ ಕಂಠದವರೆಗೂ ತುಂಬಿಕೊಂಡೇ ನಾಗರಕಟ್ಟೆ ಮುಟ್ಟುತ್ತದೆ. ‘ಶ್ರೀಪೆರುಂಬುದೂರಿಗೆ ಹೋಗಿ ಬಂದಾಗಿನಿಂದ ನನ್ನ ಮಗ ಒಂದು ತೊಟ್ಟು ಚೆಲ್ಲಲ್ಲ ಕಣೇ. ಎಲ್ಲಾ ರಾಮಾನುಜರ ಮಹಿಮೆ’ ಎಂದು ಕಟ್ಟೆಯ ಹತ್ತಿರ ಸಿಕ್ಕವರಿಗೆಲ್ಲ ಹೇಳುತ್ತಾರೆ. ಮನೆಮನೆಯಲ್ಲೂ ಬೈಕು ಹಾರಿಸುವ, ಕಾರು ನುಗ್ಗಿಸುವ ಗಂಡುಮಕ್ಕಳಿದ್ದಾರೆ; ಸುದ್ದಿ ಬೇಗ ಹರಡಿತು. ಮುಂದಿನ ಟ್ರ್ಯಾಕ್ ಡೇಗೆ ನಮ್ಮ ತಾಲ್ಲೂಕಿನಿಂದ ಹೊರಟಿರುವ ಹುಡುಗರಿಗೆಲ್ಲ ಫೀಸು ಕೊಟ್ಟವರು ಅವರವರ ತಾಯಂದಿರೇ. ಮೊನ್ನೆ ಅವರಲ್ಲಿ ಒಬ್ಬರು ಟ್ರ್ಯಾಕಣ್ಣನ ಮನೆಗೇ ಬಂದು ಕೇಳಿದರು: ‘ಅಲ್ಲಿ ಎಷ್ಟು ಸುತ್ತು ಹಾಕ್ಬೇಕಪ್ಪಾ?’

‘ಬ್ರೇಕ್ ಕಾಯೋವರೆಗೂ ಹಾಕಬಹುದು ಅತ್ತೆ, ಐದು ಸಾಕು.’

‘ಸಮ ಬೇಡ, ಬೆಸ ಬೇಕು ಅಂತ ಐದು ಹೇಳಿದೀಯ, ಸರಿ. ಆದರೂ ನಮ್ಮ ಹುಡುಗ ಸ್ವಲ್ಪ ಜಾಸ್ತಿ ಕೆಟ್ಟಿದಾನೆ. ಹನ್ನೊಂದು ಹಾಕಿಸ್ಬಿಡು.’