ಇಬ್ಬರೂ ಗಂಡಿನ ಕಡೆಯವರೇ

ಬುಲೆಟ್ಟಿನ ಗುಡುಗುಡು ಸದ್ದು ಸಾಲದೆಂದು ನನ್ನ ಭಾವಮೈದ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಂದು ಸ್ಟೀರಿಯೋ ತಂದು ಹ್ಯಾಂಡಲ್ಲಿಗೆ ಕಟ್ಟಿಸಿದ. ಎರಡು ಸ್ಪೀಕರು, ನಡುವೆ ಮಿಣಮಿಣ ಲೈಟು, ಎಫ್‌ಎಂ, ಮೆಮೊರಿ ಕಾರ್ಡು, ಬ್ಲೂಟೂತು. ಜೊತೆಗೆ ಹೆಲ್ಮೆಟ್ಟಿನೊಳಗೆ ಅಂಟಿಸುವ ಹೆಡ್‌ಸೆಟ್ಟು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಫೋನು ಕೈಯಲ್ಲಿ ಹಿಡಿದು ಗಾಡಿ ಓಡಿಸುವುದು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿತು. ಫೋನನ್ನು ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಳ್ಳುವ ಅವನ ಕಲೆಗೂ ಪೊಲೀಸರು ಬೆಲೆ ಕೊಡಲಿಲ್ಲವಂತೆ.

“ಭಾವ, ಈ ಸ್ಟೀರಿಯೋಗೂ ಹೆಡ್‌ಸೆಟ್‌ಗೂ ಜೋಡಿಸಿಕೊಡಿ. ಎರಡರಲ್ಲೂ ಬ್ಲೂಟೂತ್ ಇದೆಯಲ್ಲ?” ಅಂದ. ಅಂಗಡಿಯ ಹುಡುಗನೂ “ಎಲ್ಲಾ ಆಗುತ್ತೆ ಸಾರ್” ಎಂದು ಅಭಯ ಕೊಟ್ಟಿದ್ದನಂತೆ.

ಆಗುವುದಿಲ್ಲ. ಬ್ಲೂಟೂತಿನಲ್ಲಿ ಹಾಡು ಹರಿಯಬೇಕಾದರೆ ಒಂದು ಕಡೆ ಕೊಡುವವರು, ಇನ್ನೊಂದು ಕಡೆ ತೆಗೆದುಕೊಳ್ಳುವವರು ಇರಬೇಕು. ಫೋನು ಕೊಡುತ್ತದೆ. ಈ ಸ್ಟೀರಿಯೋ, ಈ ಹೆಡ್‌ಸೆಟ್ಟು ಎರಡೂ ತೆಗೆದುಕೊಳ್ಳುವ ಪೈಕಿ. ಮದುವೆಮನೆಯಲ್ಲಿ ಎಲ್ಲರೂ ಗಂಡಿನ ಕಡೆಯವರೇ ಆಗಿ ಎಲೆ ಮುಂದೆ ಕೂತರೆ ಬಡಿಸುವವರು ಯಾರು? ಎರಡೂ ನೀಲಿ ದೀಪ ಮಿಟುಕಿಸುತ್ತ, ಎದುರಿನವರು ಬಂದು ಕರೆಯಲಿ ಎಂದು ಕಾಯುತ್ತಿದ್ದವು. ಪಿನ್ ಕೇಳಿದರೆ 0000 ಅಥವಾ 1234 ಒತ್ತಬಹುದು. ಇಲ್ಲಿ ಕೇಳುವ ಬಾಯೇ ಇಲ್ಲ.

ಅವನಿಗೆ ಸಿಟ್ಟು ಬಂತು. ಬ್ಲೂಟೂತೇ ಬೇಡವೆಂದು ಫೋನಿಂದ ಸ್ಟೀರಿಯೋಗೆ ಆಕ್ಸ್ ವೈರು ಎಳೆದ. ಫೋನು ಬೈಕಿನದೇ ಯುಎಸ್‌ಬಿಯಿಂದ ಚಾರ್ಜ್ ಆಗುತ್ತಿತ್ತು. ಹೀಗೆ ಎರಡು ದಾರಿಯಲ್ಲಿ ಅರ್ಥ್ ಸಿಕ್ಕಿದಾಗ ಎಂಜಿನ್ನಿನ ಚಾರ್ಜಿಂಗ್ ಗದ್ದಲ ಹಾಡಿನೊಳಗೆ ನುಗ್ಗುತ್ತದೆ. ರಾಜಕುಮಾರ್ ಹಾಡುತ್ತಿದ್ದರೆ ಹಿಂದೆ ಒಂದು ಕುಂಯ್ ಅನ್ನುವ ಶ್ರುತಿ. ಆಕ್ಸಿಲರೇಟರ್ ತಿರುವಿದಷ್ಟೂ ಅದು ಏರುತ್ತಿತ್ತು. ಅಣ್ಣಾವ್ರ ಜೊತೆ ಪೈಪೋಟಿಗೆ ನಿಂತ ಮೊದಲ ಬುಲೆಟ್ಟು ಇದೇ ಇರಬೇಕು. ಚಾರ್ಜರ್ ಕಿತ್ತರೆ ಸದ್ದು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಫೋನೂ ನಿಲ್ಲುತ್ತದೆ.

ಕೊನೆಗೆ ದಾರಿ ಸಿಕ್ಕಿದ್ದು ಫೋನಿನ ಸೆಟ್ಟಿಂಗ್ಸಿನಲ್ಲಿ. ಆಂಡ್ರಾಯ್ಡ್ ಫೋನಿನಲ್ಲಿ ಜೋಡಿಸಿದ ಪ್ರತಿ ಸಾಧನದ ಹೆಸರಿನ ಪಕ್ಕ ಒಂದು ಹಲ್ಲುಚಕ್ರ ಇರುತ್ತದೆ. ಒತ್ತಿದರೆ ಕರೆಗೊಂದು ಗುಂಡಿ, ಮೀಡಿಯಾಕ್ಕೊಂದು ಗುಂಡಿ. ಹೆಡ್‌ಸೆಟ್ಟಿಗೆ ಕರೆ ಮಾತ್ರ ಉಳಿಸಿ, ಸ್ಟೀರಿಯೋಗೆ ಮೀಡಿಯಾ ಮಾತ್ರ ಬಿಟ್ಟೆ. ಆಸ್ತಿ ಪಾಲಾದ ಮೇಲೆ ಇಬ್ಬರೂ ಸುಮ್ಮನಾದರು.

ಆದರೆ ಮ್ಯಾಪಿನ ಹೆಂಗಸೂ ಫೋನಿನ ಲೆಕ್ಕದಲ್ಲಿ ಮೀಡಿಯಾವೇ. ಅವಳ ಮಾತು ಕಿವಿಗೆ ಬಾರದೆ ಸ್ಪೀಕರಿಗೇ ಹೋಯಿತು. ಸಿಗ್ನಲ್ಲಿನಲ್ಲಿ ಪೂರ್ತಿ ವಾಲ್ಯೂಮಿನಲ್ಲಿ “ಎಡಕ್ಕೆ ತಿರುಗಿ” ಎಂದಳು. ಪಕ್ಕದ ಆಟೋದವರು ತಲೆ ಹೊರಹಾಕಿ, “ಸಾರ್, ಆ ಕಡೆ ಒನ್‌ವೇ. ಅವಳ ಮಾತು ಕೇಳ್ಬೇಡಿ” ಅಂದರು. ಹಿಂದಿನ ಸ್ಕೂಟರಿನ ಅಜ್ಜ, “ಒನ್‌ವೇ ತೆಗೆದು ಎಷ್ಟೋ ಕಾಲ ಆಯ್ತಲ್ಲ!” ಎಂದರು. ಹಸಿರು ದೀಪ ಬಂದರೂ ಚರ್ಚೆ ಮುಗಿಯಲಿಲ್ಲ.

ನೀವೂ ಇಂಥದ್ದನ್ನು ಕೊಳ್ಳಲು ಹೊರಟಿದ್ದರೆ ಲೈಟು, ಬಾಸ್ ನೋಡುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ: ಇದು ಹಾಡನ್ನು ತೆಗೆದುಕೊಳ್ಳುವುದಷ್ಟೇನೋ, ಹೆಡ್‌ಸೆಟ್ಟಿಗೆ ಕೊಡಲೂ ಬರುತ್ತದೋ? “ಎಲ್ಲಾ ಆಗುತ್ತೆ ಸಾರ್” ಅಂದರೆ ಅಲ್ಲೇ ಜೋಡಿಸಿ ತೋರಿಸಲು ಹೇಳಿ. ದುಡ್ಡು ಆಮೇಲೆ ಕೊಡಿ.