ಬಾವುಟದ ಹಿಂದೆ ಹೂ

ಚೆರ್ರಿ ಹೂ ನೋಡುವುದೆಂದರೆ ಟೋಕಿಯೊದವರಿಗೆ ಮೂಲತಃ ಕೂರುವ ಕೆಲಸ. ಮರದಡಿ ನೀಲಿ ಟಾರ್ಪಾಲು ಹಾಸಿ, ಬೂಟುಗಳನ್ನು ಅಂಚಿಗೆ ಸಾಲಾಗಿಟ್ಟು, ಬುತ್ತಿ ಬಿಚ್ಚಿ ಕೂತರಾಯಿತು. ಉದುರುವ ಕೆಲಸ ಹೂವಿನದು. ಆಫೀಸಿಗೆ ಹೊಸದಾಗಿ ಸೇರಿದ ಹುಡುಗನನ್ನು ಬೆಳಿಗ್ಗೆಯೇ ಜಾಗ ಹಿಡಿಯಲು ಕಳಿಸುವುದೂ ಉಂಟಂತೆ. ಸಂಬಳ ಕೊಟ್ಟು ಮರದ ಕೆಳಗೆ ಕೂರಿಸುವ ಇಂಥ ನೌಕರಿ ನನಗೇಕೆ ಸಿಗಲಿಲ್ಲವೋ!

ದೊರೆಗಳೂ ಕೂರುವುದಕ್ಕೇ ಒತ್ತಾಸೆಯಾದವರು. ಟೋಕಿಯೊದ ಯುಎನೊದಲ್ಲಿ ಆಗ ದೇಶವಾಳುತ್ತಿದ್ದ ಶೋಗನ್ ಮನೆತನದ ದೇವಾಲಯವಿದ್ದುದರಿಂದ ಅಲ್ಲಿ ಕುಡಿದು ಕುಣಿಯುವಂತಿರಲಿಲ್ಲ. ಹಾಗಾಗಿ 18ನೇ ಶತಮಾನದಲ್ಲಿ ಎಂಟನೆಯ ತೋಕುಗಾವಾ ಶೋಗನ್ ಯೋಶಿಮುನೆ ಅಸುಕಾಯಾಮ ಗುಡ್ಡದ ಮೇಲೆ ಚೆರ್ರಿ ನೆಡಿಸಿ ಜನಸಾಮಾನ್ಯರಿಗೆ ಬಿಟ್ಟುಕೊಟ್ಟ.

ಈ ಕೂರುವ ಹಬ್ಬವನ್ನು ನಡೆಯುವ ಕಸರತ್ತು ಮಾಡಿಕೊಂಡವರು ನಾವು, ಪ್ರವಾಸಿಗಳು. ದುಡ್ಡು ಕೊಟ್ಟು ಗೈಡಿನ ಬಾವುಟದ ಹಿಂದೆ ಹೊರಡುತ್ತೇವೆ. ಕತ್ತೆತ್ತಿದರೆ ಬಾವುಟ ತಪ್ಪುತ್ತದೆ, ಬಾವುಟ ನೋಡಿದರೆ ಹೂ ತಪ್ಪುತ್ತದೆ. ಅರಮನೆಯ ಹಳೆಯ ಕಂದಕ ಚಿದೊರಿಗಾಫುಚಿಯ ದಂಡೆಯಲ್ಲಂತೂ ಜನ ಹೆಚ್ಚಿದಾಗ ಏಕಮುಖ ಸಂಚಾರ. ನಿಂತು ಫೋಟೊ ತೆಗೆಯಬೇಡಿ, ಮುಂದೆ ನಡೆಯಿರಿ ಎಂದು ಕಾವಲಿನವರು ಬಹಳ ವಿನಯದಿಂದ ದಬ್ಬುತ್ತಾರೆ. ಕೆಳಗೆ ನೀರಿನಲ್ಲಿ ಬಾಡಿಗೆ ದೋಣಿಯ ಜೋಡಿಗಳು ಹುಟ್ಟು ಹಾಕಲು ಬಾರದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಗುತ್ತಿದ್ದರು. ಪುಣ್ಯವಂತರು, ಕೂತಿದ್ದರು.

ನಮ್ಮ ಗೈಡಮ್ಮನಿಗೆ ಅರವತ್ತು ದಾಟಿತ್ತು, ನಡಿಗೆಗೆ ಮಾತ್ರ ಇಪ್ಪತ್ತು. ಪಕ್ಕದ ಯಾಸುಕುನಿ ಗುಡಿಯ ಆವರಣದಲ್ಲಿ ಒಂದು ಮರದ ಮುಂದೆ ನಿಲ್ಲಿಸಿದರು. ಹೂಗಾಲದ ಹೊತ್ತಿಗೆ ಹವಾಮಾನ ಇಲಾಖೆಯವರು ಬಂದು ಈ ಮರದ ಹೂ ಎಣಿಸುತ್ತಾರೆ, ಟಿವಿ ಕ್ಯಾಮೆರಾಗಳು ಕಾದಿರುತ್ತವೆ. ಐದಾರು ಹೂ ಬಿಟ್ಟಿದ್ದರೆ ಟೋಕಿಯೊಗೆ ಹೂಗಾಲ ಬಂತೆಂದು ಘೋಷಣೆ. ನಾಲ್ಕಿದ್ದರೆ? ಇಲ್ಲ, ನಾಳೆ ಬನ್ನಿ. ಸರ್ಕಾರಿ ಕಚೇರಿಯಿಂದ ಈ ಉತ್ತರ ಕೇಳಿ ನನಗೆ ಪರಕೀಯ ದೇಶದಲ್ಲಿದ್ದೇನೆ ಅನ್ನಿಸಲೇ ಇಲ್ಲ. 2021ರಲ್ಲಿ ಮಾರ್ಚ್ 14ಕ್ಕೇ ಅರಳಿದ ಹೂ, 2024ರಲ್ಲಿ 29ರವರೆಗೆ ಕಾಯಿಸಿತು. ತಿಂಗಳುಗಟ್ಟಲೆ ಮುಂಚೆ ವಿಮಾನದ ಟಿಕೆಟ್ ತೆಗೆದವರ ಪಾಡು ಏನಾಗಬೇಡ!

ಒಂದು ಮರ ನೋಡಿ ಊರಿಗೆಲ್ಲ ಹೇಳುವುದು ಹೇಗೆ ಎಂದು ಕೇಳಿದೆ. ಊರಲ್ಲಿ ಹೆಚ್ಚಿನವು ಸೊಮೇಯಿ ಯೊಶಿನೊ ತಳಿಯವು, ಸೊಮೇಯಿ ಹಳ್ಳಿಯ ತೋಟಗಾರರು ಹರಡಿದ್ದು, ಕಸಿ ಕಟ್ಟಿಯೇ ಬೆಳೆಸಿದ್ದು, ಹಾಗಾಗಿ ಎಲ್ಲವೂ ಒಂದೇ ಮರವಿದ್ದಂತೆ, ಒಟ್ಟಿಗೇ ಅರಳುತ್ತವೆ ಎಂದರು. ಯಾವ ಪ್ರಶ್ನೆಗೂ ಅವರು ತಡವರಿಸಲಿಲ್ಲ.

ಕೊನೆಗೆ ಸಕುರಾಮೋಚಿ ಕೊಡಿಸಿದರು. ಗುಲಾಬಿ ಬಣ್ಣದ ಸಿಹಿ, ಒಳಗೆ ಹುರುಳಿಯಂಥ ಕಾಳಿನ ಹೂರಣ, ಹೊರಗೆ ಉಪ್ಪಿನಲ್ಲಿ ಹಾಕಿದ ಚೆರ್ರಿ ಎಲೆ. ಎಲೆ ತಿನ್ನಬೇಕೋ ಬಿಸಾಡಬೇಕೋ? ಉಡುಪಿಯವಳಾದ ನನ್ನ ಹೆಂಡತಿಗೆ ಇದು ತತ್ತ್ವದ ಪ್ರಶ್ನೆ: ಪತ್ರೊಡೆಯಾದರೆ ತಿನ್ನಬೇಕು, ಕೊಟ್ಟೆ ಕಡುಬಾದರೆ ಬಿಚ್ಚಬೇಕು, ಇದು ಯಾವ ಪೈಕಿ? ಗೈಡಮ್ಮ ಮೊದಲ ಸಲ ಬಾವುಟ ಕೆಳಗಿಟ್ಟರು. ಅವರ ಮನೆಯಲ್ಲಿ ಗಂಡ ತಿನ್ನುತ್ತಾರಂತೆ, ಇವರು ಬಿಚ್ಚುತ್ತಾರಂತೆ, ಮದುವೆಯಾದಾಗಿನಿಂದ ಇತ್ಯರ್ಥವಾಗಿಲ್ಲವಂತೆ. ಅಷ್ಟರಲ್ಲಿ ನಾನು ಎಲೆ ಸಮೇತ ಎರಡನೆಯದಕ್ಕೆ ಕೈಹಾಕಿದ್ದೆ.