ಇಂಚಿನ ಸಾವ್ಕಾರ

ಕಾರಿನಿಂದ ಇಳಿದವರು ಬಾಗಿಲು ಹಾಕಿ ಮನೆಯೊಳಗೆ ಹೋಗುವುದು ವಾಡಿಕೆ. ಹಾಗೆ ಹೋಗದೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಕುತ್ತಿಗೆ ವಾರೆ ಮಾಡಿ, ಹೆಣ್ಣು ನೋಡಲು ಬಂದ ಗಂಡಿನ ಸೋದರಮಾವನ ಹಾಗೆ ತನ್ನದೇ ಕಾರಿನ ಗಾಲಿಯನ್ನು ಅಳೆದು ನೋಡುತ್ತ ಒಬ್ಬ ನಿಂತಿದ್ದರೆ ಅವನೇ ನಮ್ಮ ಇಂಚಿನ ಸಾವ್ಕಾರ. ರಾಯಚೂರಿನ ಓಣಿಗೊಬ್ಬ ಸಿಗುತ್ತಾನೆ. ಮಾನ್ವಿಯಲ್ಲಿ ಓಣಿಗಿಬ್ಬರು, ಯಾಕೆಂದರೆ ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ, ಭತ್ತವಿದೆ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಅಲ್ಲಿಯೂ ಈ ಸಂತಾನ ಫಲಿಸಿದೆ.

ವಯಸ್ಸು ಇಪ್ಪತ್ತೈದರಿಂದ ಮೂವತ್ತು. ಅಪ್ಪನಿಗೆ ಕಾಲುವೆ ಕೆಳಗೆ ಗದ್ದೆ, ಇಲ್ಲವೇ ರಾಜೇಂದ್ರ ಗಂಜಿನಲ್ಲಿ ಅಡತಿ ಅಂಗಡಿ. ಕಾರು ಬಹುತೇಕ ಸ್ವಿಫ್ಟ್, ನಂಬರು ಕೆಎ-36. ಕಾರು ಸಣ್ಣದು, ಓಟ ಚುರುಕು. ಎರಡನೆಯ ಮಾತು ಅವನಿಗೆ ಒಪ್ಪಿಗೆ, ಮೊದಲನೆಯದು ಎದೆಯ ಮುಳ್ಳು. ಷೋರೂಮಿನಿಂದ ಬರುವಾಗ ಈ ಕಾರಿನ ಕೆಳಗಿನ ಮಾಡೆಲ್ಲಿಗೆ 14 ಇಂಚಿನ ಕಬ್ಬಿಣದ ರಿಮ್ಮು, ಮೇಲಿನದಕ್ಕೆ 15ರ ಅಲಾಯ್. ಇವನು ಕೊಳ್ಳುವುದು ಕೆಳಗಿನದನ್ನೇ. ಉಳಿಸಿದ ದುಡ್ಡಿನಲ್ಲಿ ಗಾಲಿ ದೊಡ್ಡದು ಮಾಡಿಸಬೇಕು ಎಂಬುದು ಮೊದಲೇ ಹಾಕಿಕೊಂಡ ಲೆಕ್ಕ. ಆ ಲೆಕ್ಕ ಅಪ್ಪನಿಗೆ ಗೊತ್ತಿರುವುದಿಲ್ಲ.

ಅವನ ವಿದ್ಯೆಯನ್ನು ಮಾತ್ರ ಹಗುರಾಗಿ ಕಾಣಬೇಡಿ. ಟೈರಿನ ಪಕ್ಕೆಯ ಮೇಲೆ 185/65 ಆರ್15 ಎಂದು ಅಚ್ಚಾಗಿರುತ್ತದಲ್ಲ, ಅದಕ್ಕೆ ನಿಂತಲ್ಲೇ ಭಾಷ್ಯ ಬರೆಯಬಲ್ಲ. ಮೊದಲಿನದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಅದು ಅಗಲದ ಶೇಕಡಾ 65. ಕೊನೆಯದು ರಿಮ್ಮಿನ ಅಳತೆ, ಇಂಚಿನಲ್ಲಿ. ಒಂದೇ ಸಾಲಿನೊಳಗೆ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ತುರುಕಿದ ಪುಣ್ಯಾತ್ಮ ಯಾರೋ, ನಮ್ಮ ಭೂದಾಖಲೆ ಕಚೇರಿಯಲ್ಲಿ ಕೆಲಸ ಮಾಡಿದ್ದವನೇ ಇರಬೇಕು. ಪಿಯುಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ಈ ಸಾವ್ಕಾರ ಬಾಯಿಲೆಕ್ಕದಲ್ಲೇ ಹೇಳುತ್ತಾನೆ: 165/80ರ 14 ಇಂಚಿನ ಗಾಲಿ ಒಟ್ಟು 620 ಮಿಲಿಮೀಟರ್ ಎತ್ತರ, 185/65ರ 15 ಇಂಚಿನದು 621, 195/55ರ 16 ಇಂಚಿನದೂ ಅಷ್ಟೇ, 205/45ರ 17 ಇಂಚಿನದು 616. ಲೆಕ್ಕ ಪಕ್ಕಾ. ಅಂದರೆ ಗಾಲಿ ಎಷ್ಟೇ ‘ದೊಡ್ಡದು’ ಮಾಡಿಸಿದರೂ ಹೊರಗಿನ ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬೆಳೆಯುವುದು ಲೋಹ, ಕರಗುವುದು ರಬ್ಬರು. ಈ ಕೊನೆಯ ಸಾಲಿಗೆ ಬರುವ ಹೊತ್ತಿಗೆ ಅವನಿಗೆ ಯಾವುದೋ ಫೋನು ಬಂದಿರುತ್ತದೆ.

ಆ ಸಾಲನ್ನು ಓದಿ ಮುಗಿಸುವವನು ದೇವದುರ್ಗ ರಸ್ತೆಯ ಪಂಕ್ಚರ್ ಅಂಗಡಿಯ ಉಸ್ತಾದ.

“ಭಾಯ್, ಹದಿನೇಳು ಹಾಕ್ಸಿದ್ರ ಹ್ಯಾಂಗ?”

“ಚೊಲೋ ಕಾಣ್ತದ.”

“ಕಾಣೋದಲ್ಲಪಾ, ಓಡ್ಸಾಕ ಹ್ಯಾಂಗ?”

“ಅದು ನೀ ಕೇಳಬ್ಯಾಡ, ನಾ ಹೇಳಲ್ಲ. ನನ್ನ ಅಂಗಡೀನೂ ನಡೀಬೇಕಲ್ಲ.”

ಹೀಗಂದರೂ ಉಸ್ತಾದ ಧರ್ಮ ಬಿಡುವವನಲ್ಲ. ಕೈಯ ಕರಿ ಒರೆಸಿಕೊಂಡು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ರಿಮ್ಮಿನ ಅಂಚಿಗೂ ನೆಲಕ್ಕೂ ನಡುವೆ ಅಂಗೈ ಅಡ್ಡ ಇಟ್ಟ. ನಾಲ್ಕು ಬೆರಳು, ಹೆಬ್ಬೆರಳು, ಅದರ ಮೇಲೆ ಇನ್ನೆರಡು ಬೆರಳು. “ಈಗ ಇಷ್ಟು ರಬ್ಬರ್ ಅದ.” ಮೇಲಿನ ಎರಡು ಬೆರಳು ತೆಗೆದ. ಹೆಬ್ಬೆರಳನ್ನೂ ಮಡಚಿದ. “ಹದಿನೇಳಕ್ಕ ಇಷ್ಟು ಉಳೀತದ. ಕುಣಿ ಬಂದ್ರ ಮೊದಲು ಇದು ತಿಂತದ. ಇದು ತಿನ್ಲಿಲ್ಲಂದ್ರ ರಿಮ್ ತಿಂತದ. ರಿಮ್ ತಿನ್ಲಿಲ್ಲಂದ್ರ ನಿನ್ನ ಸೊಂಟ.” ಪುಸ್ತಕದ ಲೆಕ್ಕವೂ ಇದನ್ನೇ ಹೇಳುತ್ತದೆ: 14ರಲ್ಲಿ ಪಕ್ಕೆಯ ಎತ್ತರ 132 ಮಿಲಿಮೀಟರ್, 17ರಲ್ಲಿ 92. ನಾಲ್ಕು ಸೆಂಟಿಮೀಟರ್ ಗಾಳಿ-ರಬ್ಬರನ್ನು ಮಾರಿ ಹೊಳಪು ಕೊಂಡಂತಾಯಿತು.

ನಮ್ಮ ರಸ್ತೆಗಳ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಗುತ್ತಿಗೆದಾರನನ್ನು ಬೈಯುವುದು ಸುಲಭ, ಬೈಯೋಣ, ಆದರೆ ತಪ್ಪು ಅವನೊಬ್ಬನದೇ ಅಲ್ಲ. ಈ ಸೀಮೆಯಲ್ಲಿ ಎರೆಭೂಮಿ ಬಹಳ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂತೆ ಬಾಯಿ ಬಿಡುತ್ತದೆ. ಅದರ ಮೇಲಿನ ಡಾಂಬರೂ ಜೊತೆಗೆ ಏಳುತ್ತದೆ, ಬೀಳುತ್ತದೆ. ಸಾಲದ್ದಕ್ಕೆ ನಾಟಿ ಕಾಲದಲ್ಲಿ ಕೇಜ್‌ವೀಲ್ ಕಟ್ಟಿದ ಟ್ರ್ಯಾಕ್ಟರ್ ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ರಸ್ತೆಯ ಮೇಲೆಯೇ ಹಾಯುತ್ತದೆ. ಕೆಸರು ಕಲಸುವ ಆ ಕಬ್ಬಿಣದ ಗಾಲಿ ಡಾಂಬರನ್ನೂ ಅಷ್ಟೇ ಶ್ರದ್ಧೆಯಿಂದ ಕಲಸುತ್ತದೆ. ಮಾನ್ವಿಯ ಇಂಚಿನ ಸಾವ್ಕಾರನ ಕಾರಿಗೆ ಕುಣಿ ತೋಡುವುದು ಎಷ್ಟೋ ಸಲ ಅವನಪ್ಪನ ಟ್ರ್ಯಾಕ್ಟರೇ. ಊರೂರಿಗೆ ಬಣ್ಣವಿಲ್ಲದ, ಬೋರ್ಡಿಲ್ಲದ ಹಂಪುಗಳು ಬೇರೆ.

ಅಪ್ಪ ಮಾತು ಕಡಿಮೆ ಆಡುವ ಮನುಷ್ಯ. ಒಂದು ದಿನ ಉಂಡು ಕೈ ತೊಳೆಯುತ್ತ ಇಷ್ಟಂದ: “ಮಾರುತಿ 800ದಾಗ ಹನ್ನೆರಡು ಇಂಚಿನ ಗಾಲಿ ಮ್ಯಾಲ ಆರು ಮಂದಿನ್ನ ಕುಂದ್ರಿಸ್ಕೊಂಡು ಮಂತ್ರಾಲಯಕ್ಕ ಹೋಗಿ ಬಂದೀನಿ. ಯಾವ ರಾಯರೂ ಇಂಚು ಕೇಳಲಿಲ್ಲ.”

ನಾನೂ ಒಮ್ಮೆ ಬುದ್ಧಿ ಹೇಳಲು ಹೋದೆ. ಬ್ರಿಟನ್ನಿನಲ್ಲಿ 1959ರಲ್ಲಿ ಮಿನಿ ಎಂಬ ಪುಟ್ಟ ಕಾರು ಬಂತಪ್ಪ, ಅದಕ್ಕೆ ಇದ್ದದ್ದು ಬರೀ 10 ಇಂಚಿನ ಗಾಲಿ, ಅದೇ ಗಾಲಿಯ ಮಿನಿ ಕೂಪರ್ 1964ರಲ್ಲಿ ಮಾಂಟೆ ಕಾರ್ಲೋ ರ್‍ಯಾಲಿ ಗೆದ್ದಿತು, ಚುರುಕು ಇಂಚಿನಲ್ಲಿಲ್ಲ ಅಂದೆ.

“ಅಲ್ಲಿ ರೋಡ್ ಚೊಲೋ ಇರ್ತಾವಲ್ರೀ.”

ಅದು ಹಿಮ ಬಿದ್ದ ಗುಡ್ಡದ ದಾರಿ ಅಂದೆ.

“ಹಿಮ ಮೆತ್ತಗ ಇರ್ತದಲ್ರೀ!”

ಇಂಥವನ ಮುಂದೆ ಬುಗಾಟ್ಟಿ ಕಥೆ ಹೇಳಿ ಏನುಪಯೋಗ? ಆ ಕಂಪನಿ 1924ರಲ್ಲಿ ತನ್ನ ರೇಸ್ ಕಾರಿಗೆ ಅಲ್ಯೂಮಿನಿಯಂ ಗಾಲಿ ಎರಕ ಹೊಯ್ಯಿಸಿದಾಗ ಒಂದು ಉದ್ದೇಶ ಗಾಲಿ ಹಗುರಾಗಲಿ ಎಂಬುದು. ನಮ್ಮ ಸಾವ್ಕಾರ ಹೈದರಾಬಾದಿನಿಂದ ತರುವ ಅಗ್ಗದ 17ರ ಸೆಟ್ಟನ್ನು ಎತ್ತಿ ನೋಡಿ, ಕಬ್ಬಿಣದ 14 ನೆನಪಾಗುತ್ತದೆ. ಗಾಲಿ ಭಾರವಾದಷ್ಟೂ ಇಂಜಿನ್ನಿಗೆ ಉರುಳಿಸುವ ಕೆಲಸ ಹೆಚ್ಚು, ಎಳೆತ ಕಡಿಮೆ, ಮೈಲೇಜು ಕಡಿಮೆ, ಬ್ರೇಕಿಗೂ ಕೆಲಸ ಹೆಚ್ಚು. ಆದರೆ ಹೊರಗಿನ ಎತ್ತರ ನಾಲ್ಕೈದು ಮಿಲಿಮೀಟರ್ ತಗ್ಗಿರುವುದರಿಂದ ಸ್ಪೀಡೋಮೀಟರಿನ ಮುಳ್ಳು ಮೊದಲಿಗಿಂತ ಕೂದಲೆಳೆ ಮುಂದೆ ಓಡುತ್ತದೆ. “ಪಿಕಪ್ ಬದಲಾತು ನೋಡ್ರಿ” ಎಂದು ಅವನು ಅನ್ನುವುದು ಇದನ್ನೇ.

ಅವನಿಗೆ ನೈಟ್ರೋಜನ್ ಮೇಲೆ ಅಪಾರ ಭಕ್ತಿ. ಸಾದಾ ಗಾಳಿಯಲ್ಲಿಯೇ ಶೇ. 78ರಷ್ಟು ಅದೇ ಇದೆ ಎಂದರೆ ನಂಬುವುದಿಲ್ಲ, ಏಕೆಂದರೆ ಸಾದಾ ಗಾಳಿಗೆ ಹಸಿರು ಕ್ಯಾಪು ಕೊಡುವುದಿಲ್ಲ. ನಮ್ಮ ಬಿಸಿಲು 42 ಡಿಗ್ರಿ ದಾಟಿದ ಮಧ್ಯಾಹ್ನ, ಮಾನ್ವಿಯಿಂದ ಓಡಿಸಿಕೊಂಡು ಬಂದು, ಕಾದ ಟೈರಿನ ಗಾಳಿ ಅಳೆಸಿ, ಜಾಸ್ತಿಯಾಗಿದೆ ಎಂದು ಬಿಡಿಸಿ ಹೋಗುತ್ತಾನೆ. ಬೆಳಿಗ್ಗೆ ಟೈರ್ ತಣ್ಣಗಾದಾಗ ಗಾಳಿ ಕಡಿಮೆ. ಗಾಳಿ ಕಡಿಮೆಯಿದ್ದ ತೆಳು ಪಕ್ಕೆಯ ಟೈರಿಗೆ ಕುಣಿಯೇ ಯಮ. ಎಷ್ಟು ಗಾಳಿ ಬೇಕೆಂಬುದನ್ನು ಕಂಪನಿಯವರು ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದು ಅಂಟಿಸಿರುತ್ತಾರೆ. ಅವನು ಅದರ ಮೇಲೆ ಒಂದು ಹುಲಿಯ ಸ್ಟಿಕ್ಕರ್ ಹಚ್ಚಿದ್ದಾನೆ.

ಆಗಬೇಕಾದ್ದು ಗಬ್ಬೂರಿನ ಆಚೆ ಒಂದು ರಾತ್ರಿ ಆಯಿತು. ಧಡ್ ಎಂದಿತು. ಇಳಿದು ಮೊಬೈಲ್ ಬೆಳಕು ಹಿಡಿದರೆ ರಿಮ್ಮಿನ ಒಳ ಅಂಚು ಬಾಗಿದೆ, ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿದೆ. ಒಳಗಿನ ದಾರದ ಪದರ ಹರಿದಾಗ ಏಳುವ ಗುಳ್ಳೆ ಇದು. ಇದಕ್ಕೆ ಪ್ಯಾಚಿಲ್ಲ, ಔಷಧಿಯಿಲ್ಲ, ಟೈರನ್ನೇ ಬಿಸಾಡಬೇಕು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಕಂಪನಿ ಕೊಟ್ಟ ಅದೇ 14ರ ಕಬ್ಬಿಣದ್ದು. ಮೂರು ಕಡೆ ಹದಿನೇಳರ ವೈಭವ, ಎಡಗಡೆ ಹಿಂದೆ ಕರೀ ಕಬ್ಬಿಣ. ಮುಂದಿನ ವಾರವೆಲ್ಲ ನಾಲ್ಕು ಜನರ ಕಣ್ಣಿಗೆ ಬೀಳುವ ಸ್ಟೇಷನ್ ರೋಡಿಗೆ ಬರಲಿಲ್ಲ, ಹಿಂದಿನ ಓಣಿಗಳಲ್ಲೇ ಓಡಾಡಿದ. ಎಲ್ಲಿ ನಿಲ್ಲಿಸಿದರೂ ಎಡಗಡೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ. ಅವ್ವ ಮಾತ್ರ ಸಿರವಾರದ ತವರಿಗೆ ಹೋಗಿ ಬಂದವಳು, “ಹಿಂದ ಎಡಕ್ಕ ಕುಂತ್ರ ಈ ಸಲ ಆರಾಮ್ ಇತ್ತಪಾ” ಅಂದಳಂತೆ.

ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತರುವ ಚಿತ್ರವನ್ನೂ ಅಲ್ಲಿಯೇ ಗೋಡೆಯ ಮೇಲೆ ಕೊರೆದಿದ್ದಾರೆ. ಆಳುಗಳೆಲ್ಲ ಬಂಡಿ ಸಾಗಿಸುವುದರಲ್ಲಿ ಮುಳುಗಿದ್ದಾರೆ, ಹಿಂದೆ ಸರಿದು ಗಾಲಿಯ ಅಂದ ನೋಡುವವನು ಒಬ್ಬನೂ ಕಾಣುವುದಿಲ್ಲ. ಆಗಿನವರಿಗೆ ಸ್ಟೇಷನ್ ರೋಡ್ ಇರಲಿಲ್ಲ, ಬಿಡಿ.

ನನ್ನ ತೀರ್ಪು ಕೇಳಿದರೆ, ಈ ಮೂರೂ ಊರಿನ ನಡುವೆ ಓಡುವ ಸಣ್ಣ ಕಾರಿಗೆ 15 ಇಂಚೇ ಸರಿ: 185/65, ಹೊಸ ಟೈರು, ಚೀಟಿಯಲ್ಲಿರುವಷ್ಟು ಗಾಳಿ, ಅಲೈನ್‌ಮೆಂಟು. 14 ಇದ್ದರೂ ನಾಚಿಕೆಯೇನಿಲ್ಲ. ತೀರಾ ಚಪಲವಿದ್ದರೆ 16, ಅಲ್ಲಿಗೆ ನಿಲ್ಲಿಸಿ, ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ. ಇಂಚಿನ ಸಾವ್ಕಾರನೂ ಕೊನೆಗೆ 15ಕ್ಕೇ ಬಂದ, ಆದರೆ 17ರ ದಾರಿಯಿಂದ ಬಂದ. ಅವನ ನಾಲ್ಕು ಅಲಾಯ್ ಈಗ ಮಾರಾಟಕ್ಕಿವೆ, ‘ಒಂದು ಸ್ಕ್ರ್ಯಾಚೂ ಇಲ್ಲ’ ಎಂಬ ಮಾತಿನೊಂದಿಗೆ. ಕೊಳ್ಳಲು ಹೋಗುವವರು ಹೊಳೆಯುವ ಮುಖ ನೋಡಬೇಡಿ, ಮಗುಚಿ ಹಾಕಿ ಒಳ ಅಂಚಿನ ಸುತ್ತ ಬೆರಳಾಡಿಸಿ. ಟೈರಿನ ಪಕ್ಕೆಯ ಮೇಲೆ ನಾಲ್ಕಂಕಿಯ ಮುದ್ರೆ ಇರುತ್ತದೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅದನ್ನು ಓದಿದ ಮೇಲೆಯೇ ರೇಟು ಕೇಳಿ.